ಮೂರನೆಯ ಹಕ್ಕಿ

ಸೆಪ್ಟೆಂಬರ್ 7, 1987, ಸೋಮವಾರ

ಇಂದು ತಹಸೀಲ್ದಾರರು ಕರೆದು ಒಂದು ಕಾಗದ ಕೊಟ್ಟರು. ಪಲ್ಲಡಂ ಬಸ್ ನಿಲ್ದಾಣದ ಹಿಂದೆ ದೇವರಾಜನ್ ಎಂಬುವರು ವಿಡಿಯೋ ಆಟದ ಅಂಗಡಿ ತೆರೆದಿದ್ದಾರೆ. ಅಲ್ಲಿನ ಒಂದು ಯಂತ್ರದ ಮೇಲೆ ದೂರು ಬಂದಿದೆ: ಅದು ಆಟವಲ್ಲ, ಜೂಜು. ಕೈಚಳಕದಿಂದ ಗೆಲ್ಲುವಂಥದ್ದಾದರೆ ಪರವಾನಗಿ ಕೊಡಬಹುದು, ಬರೀ ಅದೃಷ್ಟವಾದರೆ ಕೊಡುವಂತಿಲ್ಲ. ಯಾವುದೆಂದು ಆಡಿ ನೋಡಿ ವರದಿ ಬರೆಯಬೇಕು. ಮೊದಲು ಹೋದ ಗುಮಾಸ್ತರೊಬ್ಬರು ಟೀ ಕುಡಿದು ಬಂದು ‘ಯಂತ್ರ ಸುಸ್ಥಿತಿಯಲ್ಲಿದೆ’ ಎಂದು ಬರೆದರು. ಎರಡನೆಯವರು ಈಗ ಅಲ್ಲಿ ದಿನದ ಗಿರಾಕಿ.

“ಆಟದ ಮೇಲೆ ಆಸೆಯೇ ಇಲ್ಲದವರು ಈ ಆಫೀಸಿನಲ್ಲಿ ಯಾರಿದ್ದಾರೆ ಅಂತ ವಿಚಾರಿಸಿದೆ. ಎಲ್ಲರೂ ನಿಮ್ಮ ಹೆಸರೇ ಹೇಳಿದರು, ರಾಜಾಮಣಿಯಮ್ಮಾ,” ಎಂದರು ತಹಸೀಲ್ದಾರರು. ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ.

ಐದೂವರೆಗೆ ಕಚೇರಿ ಬಿಟ್ಟು ಹತ್ತು ನಿಮಿಷ ನಡೆದರೆ ಮನೆ. ಆರು ಗಂಟೆಗೆ ಸರಿಯಾಗಿ ಅಮ್ಮನ ಬಲಗಣ್ಣಿಗೆ ಎರಡು ಹನಿ ಮದ್ದು. ಎಡಗಣ್ಣು ಹೋಗಿ ನಾಲ್ಕು ವರ್ಷವಾಯಿತು. ಉಳಿದ ಕಣ್ಣಿನ ಒಳಗಿನ ಒತ್ತಡ ಏರಬಾರದು. ಏರಿದರೆ ನೋಟ ಅಂಚಿನಿಂದ ಒಳಕ್ಕೆ ಸುಡುತ್ತಾ ಬರುತ್ತದೆ, ಹೋದದ್ದು ಮರಳುವುದಿಲ್ಲ, ಒಂದು ದಿನವೂ ತಪ್ಪಿಸಬೇಡಿ ಎಂದು ಕೋಯಮತ್ತೂರಿನ ಡಾಕ್ಟರು ಹೇಳಿದ್ದಾರೆ. ಅಮ್ಮನ ಕೈ ನಡುಗುವುದರಿಂದ ತಾನೇ ಹಾಕಿಕೊಳ್ಳಲಾರಳು. ನಾಲ್ಕು ವರ್ಷಗಳಲ್ಲಿ ನಾನು ಒಂದು ದಿನವೂ ತಪ್ಪಿಸಿಲ್ಲ.

ಹನಿ ಬಿದ್ದ ಮೇಲೆ ಐದು ನಿಮಿಷ ಅವಳು ಕಣ್ಣು ಮುಚ್ಚಿರಬೇಕು. ಆ ಐದು ನಿಮಿಷ ನಾನು ಓದಿ ಹೇಳುತ್ತೇನೆ. ಐದು ನಿಮಿಷ ಒಂದು ಗಂಟೆಯಾಗುತ್ತದೆ. ಈಗ ಓದುತ್ತಿರುವುದು ಹಿಮದ ದೇಶದಿಂದ ಅನುವಾದವಾಗಿ ಬಂದ ಕಾದಂಬರಿ. ಒಂದು ಸಣ್ಣ ರೈಲು ನಿಲ್ದಾಣ, ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ರೈಲಿಗೆ ಕಾಯುವ ಒಬ್ಬ ಹೆಂಗಸು. ಅನುವಾದಕರು ಒಂದೇ ಪುಟದಲ್ಲಿ ‘ಹಿಮದ ಮೌನ’ ಎಂದು ಮೂರು ಸಲ ಬರೆದಿದ್ದಾರೆ. ಒಂದು ಸಾಕಿತ್ತು.

“ಹಿಮ ಅಂದ್ರೆ ಹೆಂಗಿರ್ತದೆ ಅಮ್ಮಣಿ? ನಮ್ಮ ತರಿ ಶೆಡ್ಡಲ್ಲಿ ಹತ್ತಿ ಹಾರ್ತದಲ್ಲ, ಹಂಗಾ?” ಎಂದು ಅಮ್ಮ ಕೇಳಿದಳು. ತರಿ ಎಂದರೆ ಮಗ್ಗ. ನಲವತ್ತು ವರ್ಷ ಮಗ್ಗದಲ್ಲಿ ಕೂತವಳು.

“ಸುಮಾರು ಹಾಗೇ. ತಣ್ಣಗಿರ್ತದೆ.”

“ತಣ್ಣಗಿರೋ ಹತ್ತಿ,” ಎಂದು ಕಣ್ಣು ಮುಚ್ಚಿಕೊಂಡೇ ನಕ್ಕಳು.

ನಾನು ಬರೆಯುವ ಈ ದಿನಚರಿ ಪುಸ್ತಕಕ್ಕೆ ಬೀಗ ಬೇಕಿಲ್ಲ. ಕೊಳ್ಳೇಗಾಲ ನಮ್ಮ ಕೋಯಮತ್ತೂರು ಜಿಲ್ಲೆಗೇ ಸೇರಿದ್ದ ಕಾಲದಲ್ಲಿ ಅಪ್ಪ ರೇಷ್ಮೆ ನೂಲಿಗಾಗಿ ಅಲ್ಲಿ ಮನೆ ಮಾಡಿದ್ದರು. ನಾನು ಮೂರನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದೆ. ಈ ಬೀದಿಯಲ್ಲಿ ಮನೆಮನೆಯಲ್ಲೂ ಕನ್ನಡ ಆಡುತ್ತಾರೆ, ಅಕ್ಷರ ಬಲ್ಲವಳು ನಾನೊಬ್ಬಳೇ.

ಸೆಪ್ಟೆಂಬರ್ 8, ಮಂಗಳವಾರ

ಅಂಗಡಿ ಮೊದಲು ಮೊಟ್ಟೆಯ ಗೋದಾಮಾಗಿತ್ತು. ಕಿಟಕಿಗಳಿಗೆಲ್ಲ ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳನ್ನು ಹೊಡೆದಿದ್ದಾರೆ, ಸದ್ದು ಹೊರಗೆ ಹೋಗದಂತೆ. ಒಳಗೆ ಹೊತ್ತು ಎಷ್ಟೆಂದು ಗೊತ್ತಾಗುವುದಿಲ್ಲ.

“ವಾಂಗ ಮೇಡಂ, ವಾಂಗ! ಇನ್ನೊಬ್ಬ ಆಫೀಸರಾ? ಟೀ ಸೊಲ್ಲಟ್ಟುಮಾ?” ಎಂದು ದೇವರಾಜನ್ ತಮಿಳಿನಲ್ಲಿ ಟೀ ಹೇಳಲೇ ಎಂದು ಕೇಳುತ್ತಾ ಎದ್ದುಬಂದರು. ನಾನು ಮೆಲ್ಲಗೆ ‘ಬೇಡ’ ಎಂದದ್ದು ಅವರ ಕಿವಿಗೆ ಬಿತ್ತು.

“ಅಯ್ಯೋ, ನೀವು ನಮ್ಮ ಮಾತಾ! ನಮ್ದು ತೊಂಡಾಮುತ್ತೂರು ಕಡೆ. ಅಪ್ಪ ಬಾಳೆ ಹಾಕ್ತಾನೆ. ನಾನು ಕೋಳಿ ಹಾಕ್ದೆ, ಸೀಕು ಬಂದು ಎಲ್ಲಾ ಹೋಯ್ತು. ಈಗ ಕುರುವಿ ಹಾಕಿದ್ದೀನಿ. ಇದಕ್ಕೆ ತೀನಿ ಬೇಡ, ಸೀಕು ಬರಲ್ಲ.”

ಕುರುವಿ ಎಂದರೆ ಗುಬ್ಬಿ. ದೂರು ಬಂದಿರುವ ಯಂತ್ರವನ್ನು ಜನ ಕುರುವಿ ಪೆಟ್ಟಿ ಎನ್ನುತ್ತಾರೆ. ಗಾಜಿನ ಹಿಂದೆ ಮೂರು ಕಂಬಸಾಲು. ಪಕ್ಕದ ಹಿಡಿ ಎಳೆದರೆ ಸಾಲುಗಳಲ್ಲಿ ಗಿಳಿ, ಕೊಕ್ಕರೆ, ನವಿಲು, ಗುಬ್ಬಿ ಮೇಲಿನಿಂದ ಕೆಳಗೆ ಉದುರುತ್ತಾ ಹೋಗುತ್ತವೆ. ಸಾಲಿಗೊಂದು ಬಟನ್. ಅಮುಕಿದರೆ ಸಾಲು ನಿಲ್ಲುತ್ತದೆ, ಅಮುಕದಿದ್ದರೆ ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ನಡುವಿನ ಕೆಂಪು ಗೆರೆಯ ಮೇಲೆ ಮೂರೂ ಒಂದೇ ಹಕ್ಕಿ ನಿಂತರೆ ಗೆಲುವು. ಬಹುಮಾನ ಸೋಪು, ಲೋಟ, ಮೂರು ನವಿಲಿಗೆ ಗೋಡೆ ಗಡಿಯಾರ. ಗಡಿಯಾರಗಳು ಡಬ್ಬಿಯಲ್ಲೇ ಇವೆ. ಗೋಡೆಯ ಮೇಲೆ ಒಂದೂ ಇಲ್ಲ.

“ಕಣ್ಣು ಬೇಕು, ಕೈ ಬೇಕು. ಟೈಮ್ ನೋಡಿ ಅಮುಕ್ಬೇಕು. ಪೂರಾ ಕೈಚಳಕ ಮೇಡಂ,” ಎಂದರು. ಪರೀಕ್ಷೆಗೆ ಕಾಸು ಬೇಡ ಎಂದು ಬೀಗದ ಕೈ ತಿರುಗಿಸಿ ಇಪ್ಪತ್ತು ಆಟ ತುಂಬಿಸಿಕೊಟ್ಟರು.

ಹತ್ತು ಆಡಿದೆ. ಒಂದೂ ಗೆಲುವಿಲ್ಲ. ವಿಶೇಷವಾಗಿ ಏನೂ ಅನ್ನಿಸಲಿಲ್ಲ. ಮದ್ದು: ಆರು ಗಂಟೆ ಎರಡು ನಿಮಿಷ.

ಸೆಪ್ಟೆಂಬರ್ 11, ಶುಕ್ರವಾರ

ಮೂರು ದಿನದಲ್ಲಿ ಅರವತ್ತು ಆಟ. ನಿಂತ ಹಕ್ಕಿಗಳನ್ನು ಕ್ರಮವಾಗಿ ಬರೆದುಕೊಂಡಿದ್ದೇನೆ. ಅಪ್ಪನ ಪೆಟ್ಟಿಗೆಯಲ್ಲಿ ಸೀರೆಯ ಅಂಚಿನ ವಿನ್ಯಾಸ ಬರೆಯುವ ಚೌಕುಳಿ ಹಾಳೆ ಉಳಿದಿತ್ತು. ಗಿಳಿಗೆ ಹಸಿರು, ನವಿಲಿಗೆ ನೀಲಿ, ಕೊಕ್ಕರೆಗೆ ಖಾಲಿ ಚೌಕ, ಗುಬ್ಬಿಗೆ ಕಂದು.

ದೂರದಿಂದ ನೋಡಿದರೆ ಅಂಚಿನಂತೆಯೇ ಕಾಣುತ್ತದೆ. ಅಮ್ಮನ ಮಗ್ಗದ ಮೇಲೆ ತೂತು ಕೊರೆದ ಅಟ್ಟೆಗಳ, ಎಂದರೆ ರಟ್ಟುಗಳ, ಸರ ತೂಗುತ್ತಿತ್ತು. ಒಂದು ಅಟ್ಟೆಗೆ ಒಂದು ಎಳೆ. ಇನ್ನೂರ ನಲವತ್ತು ಮುಗಿದರೆ ಮತ್ತೆ ಮೊದಲನೆಯದು ಬರುತ್ತಿತ್ತು, ಅದರೊಂದಿಗೆ ಅಂಚಿನ ಮಾವಿನಕಾಯಿಯೂ. ಹತ್ತಿರದಿಂದ ನೋಡುವವನಿಗೆ ಬರೀ ಚುಕ್ಕೆ. ಸುತ್ತು ಗೊತ್ತಿದ್ದವನಿಗೆ ಮುಂದಿನ ಚುಕ್ಕೆ ಯಾವುದೆಂದು ಗೊತ್ತು. ಈ ಕುರುವಿ ಪೆಟ್ಟಿಗೆಗೂ ಒಂದು ಸುತ್ತು ಇರಲೇಬೇಕು. ಸಿಕ್ಕರೆ ಇದು ಅದೃಷ್ಟವಲ್ಲ ಎಂದು ಸಾಬೀತಾಗುತ್ತದೆ.

ಮದ್ದು: ಆರೂ ಹತ್ತು. ನಿಲ್ದಾಣದ ಹೆಂಗಸಿನ ರೈಲು ಇನ್ನೂ ಬಂದಿಲ್ಲ.

ಸೆಪ್ಟೆಂಬರ್ 15

ಮೂರನೆಯ ಹಕ್ಕಿಯ ಬಗ್ಗೆ ಬರೆಯಬೇಕು. ಎರಡು ನವಿಲು ಗೆರೆಯ ಮೇಲೆ ನಿಲ್ಲುತ್ತವೆ. ಮೂರನೆಯದು ಇಳಿದು ಬಂದು, ಗೆರೆಯನ್ನು ಮುಟ್ಟಿ, ಒಂದೇ ಒಂದು ಮೆಟ್ಟಿಲು ಕೆಳಗೆ ಹೋಗಿ ನಿಲ್ಲುತ್ತದೆ. ಇಂದು ಏಳು ಸಲ ಹಾಗಾಯಿತು. ಗೆದ್ದಂತೆಯೇ, ಆದರೆ ಗೆದ್ದಿಲ್ಲ. ಕೈ ತಾನೇ ಹಿಡಿಯ ಮೇಲೆ ಹೋಗಿರುತ್ತದೆ. ಬಟನನ್ನು ನಾನು ಒಂದು ಕ್ಷಣ ತಡವಾಗಿ ಅಮುಕುತ್ತಿದ್ದೇನೆ ಎಂದು ತೋರುತ್ತದೆ. ತಿದ್ದಿಕೊಳ್ಳಬಹುದಾದ ತಪ್ಪು.

ದೇವರಾಜನ್ ನನಗೆಂದು ಒಂದು ಸ್ಟೂಲು ಹಾಕಿಸಿದ್ದಾರೆ. ಮೇಲೊಂದು ದಿಂಬು.

ಮದ್ದು: ಆರೂ ಇಪ್ಪತ್ತೈದು.

ಸೆಪ್ಟೆಂಬರ್ 19, ಶನಿವಾರ

ಅಮ್ಮನಿಗೆ ಹಾಳೆ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು, ಬೆರಳಾಡಿಸಿ, ಬಹಳ ಹೊತ್ತು ನೋಡಿದಳು.

“ಯಾರು ಹಾಕಿದ ಡಿಸೈನು ಇದು? ಕೈ ನೆಟ್ಟಗಿಲ್ಲ.”

“ಡಿಸೈನಲ್ಲ ಅಮ್ಮ, ಮಿಷಿನ್ನು. ಇದರ ಸುತ್ತು ಎಲ್ಲಿ ಮುಗೀತದೆ ಅಂತ ಹುಡುಕ್ತಾ ಇದ್ದೀನಿ.”

“ತರಿಯಲ್ಲಿ ಸುತ್ತಿ ಬರ್ತದೆ ಯಾಕೆ ಅಂದ್ರೆ ಕೊನೇ ಅಟ್ಟೆನ ಮೊದಲನೇದಕ್ಕೆ ನಾವೇ ದಾರ ಹಾಕಿ ಕಟ್ಟಿರ್ತೀವಿ. ಇದನ್ನ ಕಟ್ಟಿದ್ದು ಯಾರು?”

“ಯಾರೋ ಕಟ್ಟಿರ್ತಾರೆ.”

“ಕಟ್ಟಿಲ್ದೆ ಇದ್ರೆ?”

ಅಮ್ಮನಿಗೆ ಎಲೆಕ್ಟ್ರಾನಿಕ್ಸ್ ವಿವರಿಸುವುದು ಕಷ್ಟ. ವಿವರಿಸುತ್ತಾ ಹೊತ್ತಾಯಿತು. ಇಂದು ಓದಲಿಲ್ಲ.

ಸೆಪ್ಟೆಂಬರ್ 24

ಏಳು ಗಂಟೆಗೆ ಮನೆ ತಲುಪಿದೆ. ಮದ್ದನ್ನು ತಾನೇ ಹಾಕಿಕೊಂಡೆ ಎಂದಳು ಅಮ್ಮ. ಕಲಿತುಕೊಂಡದ್ದು ಒಳ್ಳೆಯದಾಯಿತು.

ಮಲಗಿ ಕಣ್ಣು ಮುಚ್ಚಿದರೆ ರೆಪ್ಪೆಯ ಒಳಬದಿಯಲ್ಲಿ ಹಕ್ಕಿಗಳು ಇಳಿಯುತ್ತವೆ. ಸದ್ದಿಲ್ಲ, ಆತುರವಿಲ್ಲ. ಹಸಿರು, ನೀಲಿ, ಬಿಳಿ. ಮೇಲೆಲ್ಲೋ ದೊಡ್ಡ ಮರವಿದ್ದು ಅಲ್ಲಿಂದ ಎಲೆಯ ಬದಲು ಹಕ್ಕಿ ಉದುರಿದಂತೆ. ಇಷ್ಟು ಸುಖವಾಗಿ ನಿದ್ದೆ ಬಂದು ಬಹಳ ಕಾಲವಾಗಿತ್ತು.

ಸೆಪ್ಟೆಂಬರ್ 30

ಪಕ್ಕದ ಮನೆಯ ಪಳನಿಯಮ್ಮಾಳ್ ಬೀದಿಯ ತಿರುವಿನಲ್ಲೇ ತಡೆದರು.

“ಏನು ಅಮ್ಮಣಿ, ಸರ್ಕಾರಕ್ಕೆ ಈಗ ಏಳೂವರೆ ವರೆಗೂ ಆಫೀಸಾ? ಸಂಬಳ ಏರಿಸಿದ್ರಾ?”

“ಪರೀಕ್ಷೆಯ ಕೆಲಸ, ಅಕ್ಕ.”

“ಯಾರಿಗೆ ಪರೀಕ್ಷೆ? ನಿಮ್ಮಮ್ಮ ಆರು ಗಂಟೆಯಿಂದ ಬಾಗಿಲ ಮೆಟ್ಟಿಲ ಮೇಲೆ ಕೂತಿರ್ತಾಳೆ. ಒಳಗೆ ಬಾ ಅಂದ್ರೆ, ರಾಜಿ ಬರೋ ಹೊತ್ತು ಅಂತಾಳೆ.”

ಅಮ್ಮನಿಗೆ ಸಂಜೆಯ ಗಾಳಿ ಇಷ್ಟ. ಪಳನಿಯಮ್ಮಾಳ್‌ಗೆ ಎಲ್ಲದರಲ್ಲೂ ಕಥೆ ಬೇಕು.

ಅಕ್ಟೋಬರ್ 1, ಆಯುಧ ಪೂಜೆ

ಊರಿನಲ್ಲಿ ಒಂದು ಮಗ್ಗವೂ ಸದ್ದು ಮಾಡಲಿಲ್ಲ. ಅಮ್ಮ ತನ್ನ ಹಳೆಯ ಮಗ್ಗಕ್ಕೆ ತಡವಿ ತಡವಿ ಅರಿಶಿನ ಕುಂಕುಮ ಇಟ್ಟಳು. ಅಂಗಡಿಗೆ ಒಮ್ಮೆ ಹೋಗಿ ನೋಡಿ ಬಂದೆ: ಪೆಟ್ಟಿಗೆಯ ಗಾಜಿಗೆ ವಿಭೂತಿಯ ಮೂರು ಗೆರೆ ಎಳೆದು, ಹಿಡಿಗೆ ಚೆಂಡುಹೂ ಕಟ್ಟಿದ್ದಾರೆ. ಆಯುಧ ಇಂದು ವಿಶ್ರಾಂತಿ ಪಡೆಯಬೇಕು, ಮುಟ್ಟುವಂತಿಲ್ಲ.

ಮದ್ದು: ಆರು. ಹದಿನಾಲ್ಕು ಪುಟ ಓದಿದೆ. ಏನು ಓದಿದೆನೆಂದು ನೆನಪಿಲ್ಲ. ದಿನ ಬಹಳ ಉದ್ದವಾಗಿತ್ತು.

ಅಕ್ಟೋಬರ್ 9

ಮೂರು ನವಿಲು!

ಅದು ಹೇಗಾಯಿತೆಂದು ಬರೆದಿಡಬೇಕು. ಮೊದಲನೆಯದು ನಿಂತಿತು. ಎರಡನೆಯದು ನಿಂತಿತು. ಮೂರನೆಯ ಸಾಲಿನಲ್ಲಿ ಹಕ್ಕಿಗಳು ಇಳಿಯುತ್ತಲೇ ಇದ್ದವು. ನಾನು ಉಸಿರು ಹಿಡಿದಿರಲಿಲ್ಲ, ಉಸಿರೇ ಇರಲಿಲ್ಲ. ಕೋಣೆ ಇರಲಿಲ್ಲ. ಎಲ್ಲೋ ಒಂದು ಸಣ್ಣ ನಿಲ್ದಾಣ, ಬಿಳಿಯಾಗಿ ಏನೋ ಉದುರುತ್ತಿದೆ, ನಾನು ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೇನೆ, ರೈಲು ಬರುತ್ತಿದೆ. ಅಮುಕಿದೆ. ನವಿಲು ಗೆರೆಯ ಮೇಲೆ ಬಂದು ಕೂತಿತು. ಪೆಟ್ಟಿಗೆ ನಾದಸ್ವರದ ಗಂಟಲು ಕಟ್ಟಿದಂಥ ಒಂದು ರಾಗ ಹಾಡಿತು.

“ಮೇಡಂ ಹೊಡೆದ್ರು ನೋಡಿ ಮೇಡಂ!” ಎಂದು ದೇವರಾಜನ್ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಶೆಡ್ಡಿನ ಗಂಡಸರೂ ತಟ್ಟಿದರು. ಗಡಿಯಾರ ಬೇಡವೆಂದೆ. ನಾನು ಸರ್ಕಾರದ ಕೆಲಸದ ಮೇಲೆ ಬಂದವಳು.

ಮನೆಗೆ ಬರುವ ದಾರಿಯಲ್ಲಿ ಮಗ್ಗದ ಶೆಡ್ಡುಗಳ ಬಾಗಿಲುಗಳಿಂದ ಹತ್ತಿ ತೇಲಿ ಬಂದು ಬೀದಿ ದೀಪದ ಬೆಳಕಿನಲ್ಲಿ ಸುತ್ತುತ್ತಿತ್ತು. ತಲೆಯ ಮೇಲೆ, ಭುಜದ ಮೇಲೆ ಇಳಿಯಿತು. ಕೊಡವಿಕೊಳ್ಳಲಿಲ್ಲ.

ಅಮ್ಮ ಕೇಳಿದಳು: “ಆ ಹೆಂಗಸು ರೈಲು ಹತ್ತಿದಳಾ?”

ಯಾವ ಹೆಂಗಸು ಎಂದು ಒಂದು ಕ್ಷಣ ತಿಳಿಯಲಿಲ್ಲ. ನಾಳೆ ಓದುವೆ ಎಂದೆ.

ಮೈಸೂರಿನಿಂದ ಬಂದ ಪುಸ್ತಕದ ಪಾರ್ಸೆಲ್ ಎರಡು ವಾರದಿಂದ ಹಾಗೇ ಇದೆ. ಬಿಚ್ಚಲು ಬಿಡುವಿಲ್ಲ.

ಅಕ್ಟೋಬರ್ 14

ಒಂದು ಬಾಟಲಿ ಮದ್ದು ಇಪ್ಪತ್ತೈದು ದಿನ ಬರುತ್ತಿತ್ತು. ಸೆಪ್ಟೆಂಬರ್ ಹನ್ನೆರಡರಂದು ತೆರೆದದ್ದು ಇಂದಿಗೂ ಅರ್ಧದಷ್ಟಿದೆ. ನಾನು ಹನಿಗಳನ್ನು ಚೆಲ್ಲುತ್ತಿದ್ದೆನೇನೋ. ಅಮ್ಮನೇ ಜೋಪಾನವಾಗಿ ಹಾಕಿಕೊಳ್ಳುತ್ತಾಳೆ.

ಅಕ್ಟೋಬರ್ 19, ಸೋಮವಾರ

ತಹಸೀಲ್ದಾರರು ವರದಿ ಕೇಳಿದರು. ಚೌಕುಳಿ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಹದಿನೇಳು ಹಾಳೆ. ಇನ್ನೂ ಸುತ್ತು ಕೂಡಿಲ್ಲ, ಎರಡು ವಾರ ಬೇಕು ಎಂದೆ.

ಅವರು ಹಾಳೆಗಳನ್ನು ನೋಡಿದರು, ಆಮೇಲೆ ನನ್ನನ್ನು. “ನಿದ್ದೆ ಸರಿಯಾಗಿ ಮಾಡ್ತಿದ್ದೀರಾ, ಅಮ್ಮಾ?”

ಚೆನ್ನಾಗಿಯೇ ಮಾಡುತ್ತಿದ್ದೇನೆ.

ಅಕ್ಟೋಬರ್ 26, ಸೋಮವಾರ

ಇಂದು ಪೆಟ್ಟಿಗೆಯ ಹಿಂಬದಿ ತೆಗೆದು ಒಬ್ಬರು ಒಳಗೆ ತಲೆ ಹಾಕಿ ಕೂತಿದ್ದರು. ತುಡಿಯಲೂರಿನ ಲಿಂಗಪ್ಪನ್, ರೇಡಿಯೋ ರಿಪೇರಿಯವರು, ಈಗ ಈ ಯಂತ್ರಗಳನ್ನೂ ನೋಡುತ್ತಾರೆ. ಫ್ಯಾನು ಒರೆಸುತ್ತಿದ್ದಾರೆ, ನೀವು ಆಡಿ ಎಂದರು ದೇವರಾಜನ್. ಆಡಿದೆ. ಕೈ ಇಂದು ಹಿಡಿತದಲ್ಲಿತ್ತು. ಮೂರು ಕೊಕ್ಕರೆ ಎರಡು ಸಲ ಕೂಡಿಬಂದವು. ಮನಸ್ಸಿನಲ್ಲಿ ಎರಡೂವರೆ ಎಣಿಸಿ ಅಮುಕಬೇಕು. ಲಯ ಸಿಕ್ಕಿತೆಂದೇ ತಿಳಿದೆ.

ಲಿಂಗಪ್ಪನ್ ತಲೆಗೆ ಜೇಡರಬಲೆ ಮೆತ್ತಿಕೊಂಡು ಹೊರಗೆ ಬಂದರು.

“ಯಾರು ಆಡ್ತಾ ಇದ್ದದ್ದು? ನೀವಾ ಅಮ್ಮಣಿ?”

“ಹೌದು.”

“ಏನು ಅಮುಕ್ತಾ ಇದ್ರಿ?”

“ಬಟನ್.”

ಅವರು ಎಡಗೈ ಮುಂದೆ ಮಾಡಿದರು. ಅಂಗೈಯಲ್ಲಿ ಕೆಂಪು ವೈರುಗಳ ಒಂದು ಗೊಂಚಲು. “ಬಟನ್ ವೈರು ಇಲ್ಲಿದೆ. ಬಂದ ಕೂಡ್ಲೇ ಕಳಚಿದೆ. ಅರ್ಧ ಗಂಟೆ ಆಯ್ತು.”

“ಅಣ್ಣಾ, ಸುಮ್ನಿರಿ,” ಎಂದರು ದೇವರಾಜನ್.

“ಸುಮ್ನಿರೋಕ್ಕೆ ನಾನೇನು ನಿನ್ನ ಬಟನ್ನಾ? ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಹಿಡಿ ಎಳೆದಾಗ್ಲೇ ಯಾವ ಕುರುವಿ ಎಲ್ಲಿ ಕೂರ್ಬೇಕು ಅಂತ ಒಳಗೆ ತೀರ್ಮಾನ ಆಗೋಗಿರ್ತದೆ. ಎರಡು ಕೂಡ್ಸಿ, ಮೂರನೇದನ್ನ ಒಂದು ಮೆಟ್ಲು ಕೆಳಗೆ ನಿಲ್ಸೋದೂ ಅದೇ. ಇನ್ನೊಂದ್ಸಲ ಎಳೀಲಿ ಅಂತ.”

“ಹಾಗಾದರೆ ಬಟನ್ ಯಾಕೆ?” ಎಂದೆ.

“ಕೈಗೆ ಏನಾದ್ರೂ ಕೆಲ್ಸ ಬೇಡ್ವಾ, ಅಮ್ಮಣಿ?”

ಆದರೆ ಇದು ಒಂದು ಅರ್ಧ ಗಂಟೆಯ ಮಾತು. ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದು. ವೈರು ಜೋಡಿಸಿದ ಮೇಲೆ ಮತ್ತೆ ನೋಡಬೇಕು.

ಅಕ್ಟೋಬರ್ 27

ಜೋಡಿಸಿದ್ದಾರೆ. ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ. ಮನೆಗೆ ಏಳೂ ಮುಕ್ಕಾಲು.

ನವೆಂಬರ್ 3, ಮಂಗಳವಾರ

ಕೋಯಮತ್ತೂರಿಗೆ ಅಮ್ಮನ ಕಣ್ಣಿನ ತಪಾಸಣೆಗೆ ಹೋಗಿದ್ದೆವು.

ಕತ್ತಲೆ ಕೋಣೆಯಲ್ಲಿ ಕಮಾನಿನಂಥ ಒಂದು ಉಪಕರಣದ ಮುಂದೆ ಅಮ್ಮನ ಗದ್ದ ಇರಿಸಿದರು. ನಾನು ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ಕಮಾನಿನ ಅಂಚಿನಿಂದ ಒಂದು ಸಣ್ಣ ಬೆಳಕಿನ ಚುಕ್ಕೆ ನಡುವಿನ ಕಡೆ ಜಾರುತ್ತದೆ. ಕಂಡ ಕೂಡಲೇ ಅಮ್ಮ ತಮಿಳಿನಲ್ಲಿ ‘ಆಮಾ’, ಹೌದು, ಎನ್ನಬೇಕು. ಚುಕ್ಕೆ ಹೊರಟಿತು. ನನಗೆ ಕಂಡಿತು. ಅಮ್ಮ ಸುಮ್ಮನಿದ್ದಳು. ಇನ್ನೂ ಒಳಗೆ ಬಂತು. ನನ್ನ ಬಾಯಲ್ಲಿ ‘ಆಮಾ’ ತುಟಿಯವರೆಗೆ ಬಂತು. ಅಮ್ಮ ಸುಮ್ಮನಿದ್ದಳು. ಚುಕ್ಕೆ ಹೆಚ್ಚುಕಡಿಮೆ ನಡುವಿಗೇ ಬಂದ ಮೇಲೆ, ಹೊಸದಾಗಿ ಯಾರೋ ಒಳಗೆ ಬಂದರೆ ಹೇಳುವಂತೆ, “ಆಮಾ” ಎಂದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹಿಂದಿನ ಚೀಟಿ, ಇಂದಿನ ಚೀಟಿ ಪಕ್ಕಪಕ್ಕದಲ್ಲಿಟ್ಟು ನೋಡಿದರು. “ಮೂರು ತಿಂಗಳಲ್ಲಿ ಇಷ್ಟು ಹೋಗಬಾರದು. ಮದ್ದು ದಿನಾ ಹಾಕುತ್ತಿದ್ದೀರಾ?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತಮಿಳಿನಲ್ಲಿ ಹೇಳಿದಳು, “ದಿನಾ ಆರು ಗಂಟೆಗೆ ನನ್ನ ಮಗಳೇ ಹಾಕುತ್ತಾಳೆ. ಒಂದು ದಿನ ತಪ್ಪಿಲ್ಲ. ನಾಲ್ಕು ವರ್ಷ.”

“ಹಾಗಾದರೆ ಮದ್ದು ಕೇಳುತ್ತಿಲ್ಲ. ಆಪರೇಷನ್ ಮಾಡಲೇಬೇಕು. ಒತ್ತಡ ಇಳಿಯಬಹುದು. ಈ ವಯಸ್ಸಿನಲ್ಲಿ ಕೆಲವರಿಗೆ ಇರುವ ನೋಟವೂ ಹೋಗುವುದುಂಟು. ಬರುವ ಮಂಗಳವಾರ ಸೇರಿಸಿ.”

ಒಂದು ನಮೂನೆ ಕೊಟ್ಟರು, ತುಂಬಿಸಿ ತರಲು.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಅಥವಾ ಹೊರಗಿನ ಕಡೆ ಮುಖ ಮಾಡಿದ್ದಳು.

ನವೆಂಬರ್ 4

ಐದೇ ನಿಮಿಷ ಎಂದು ಹೋದೆ. ಮನೆಗೆ ಬಂದು ಮದ್ದು ಹಾಕಿದಾಗ ಏಳು ಗಂಟೆ.

ನವೆಂಬರ್ 6, ಶುಕ್ರವಾರ

ಆಸ್ಪತ್ರೆಯ ನಮೂನೆ ತುಂಬಲು ಕೂತೆ. ಹೆಸರು: ರಾಮಾಯಿ. ವಯಸ್ಸು: ಎಪ್ಪತ್ತೊಂದು. ಮದ್ದಿನ ಹೆಸರು. ದಿನಕ್ಕೆ ಎಷ್ಟು ಸಲ. ಐದನೆಯ ಅಂಕಣ: ಕಳೆದ ಎರಡು ತಿಂಗಳಲ್ಲಿ ಮದ್ದು ತಪ್ಪಿದ ದಿನಗಳು.

“ಸೊನ್ನೆ ಅಂತ ಹಾಕು ಅಮ್ಮಣಿ,” ಎಂದಳು ಅಮ್ಮ.

“ನೀನೇ ಹಾಕಿಕೊಳ್ತಿದ್ದೆಯಲ್ಲ?”

“ಎರಡು ದಿನ ಹಾಕ್ಕೊಂಡೆ. ಕೈ ನಿಲ್ಲಲ್ಲ, ಕೆನ್ನೆ ಮೇಲೆ ಸುರೀತು. ಬೆಲೆ ಬಾಳೋ ಮದ್ದು ವೇಸ್ಟ್ ಆಗ್ತದೆ ಅಂತ ಎತ್ತಿಟ್ಟೆ. ನೀನು ಬಂದು ಹಾಕ್ತೀಯ ಅಂತ.”

“ಮತ್ತೆ ನಾನು ಬಂದಾಗ ಹಾಕಿಕೊಂಡೆ ಅಂತ ಯಾಕೆ ಹೇಳ್ದೆ?”

“ನಿನ್ನ ಮುಖ ನೋಡಿದ್ರೆ ನೀನಿನ್ನೂ ಬಂದಂಗೇ ಇರ್ತಿರ್ಲಿಲ್ಲ.”

ಹದಿನೇಳು ವರ್ಷ ನಮೂನೆ ತುಂಬಿದ್ದೇನೆ. ಯಾವ ಅಂಕಣದಲ್ಲೂ ಗೊತ್ತಿದ್ದೂ ಸುಳ್ಳು ಬರೆದಿಲ್ಲ. ಈ ಪುಸ್ತಕವನ್ನು ಹಿಂದಕ್ಕೆ ತಿರುಗಿಸಿದೆ. ಆರು, ಆರೂ ಹತ್ತು, ಆರೂ ಇಪ್ಪತ್ತೈದು ಎಂದು ಬರೆದವಳು ನಾನೇ. ಆಮೇಲೆ ಬರೆಯುವುದನ್ನು ನಿಲ್ಲಿಸಿದವಳೂ ನಾನೇ. ಯಾವಾಗ ನಿಲ್ಲಿಸಿದೆನೆಂದು ಮಾತ್ರ ನೆನಪಿಲ್ಲ. ಸೆಪ್ಟೆಂಬರ್ ಇಪ್ಪತ್ತನಾಲ್ಕರಿಂದ ನವೆಂಬರ್ ಎರಡರವರೆಗೆ ನಲವತ್ತು ಸಂಜೆ. ಅಮ್ಮನನ್ನು ಕೇಳಿ ಕೇಳಿ ನೆನಪು ಮಾಡಿದೆ. ಆಯುಧ ಪೂಜೆಯೂ ಸೇರಿ ನಾನು ಹಾಕಿದ್ದು ಐದು ದಿನ. ತಾನು ಹಾಕಿಕೊಂಡದ್ದು ಎರಡು.

“ಬೇಡ ರಾಜಿ. ಡಾಕ್ಟರಮ್ಮ ನಿನ್ನ ಬಯ್ಯುತ್ತೆ.”

“ಸೊನ್ನೆ ಬರೆದ್ರೆ ಮದ್ದು ಕೇಳ್ತಿಲ್ಲ ಅಂತ ಕಣ್ಣು ಕುಯ್ತಾರೆ ಅಮ್ಮ.”

ಐದನೆಯ ಅಂಕಣದಲ್ಲಿ ಮೂವತ್ತಮೂರು ಎಂದು ಬರೆದೆ. ಅಂಕಿಯಲ್ಲಿ, ಮತ್ತು ಅಕ್ಷರದಲ್ಲಿ.

ನವೆಂಬರ್ 9, ಸೋಮವಾರ

ವರದಿ ಕೊಟ್ಟೆ. ಪ್ರತಿಯನ್ನು ಇಲ್ಲಿ ಕನ್ನಡದಲ್ಲಿ ಬರೆದಿಡುತ್ತೇನೆ.

‘ಹಿಡಿ ಎಳೆದ ಕ್ಷಣದಲ್ಲೇ ಫಲಿತಾಂಶ ತೀರ್ಮಾನವಾಗಿರುತ್ತದೆ. ಬಟನ್‌ಗಳು ಏನನ್ನೂ ನಿಲ್ಲಿಸುವುದಿಲ್ಲ. ವೈರು ಕಳಚಿದಾಗಲೂ ಪರೀಕ್ಷಕಿಗೆ ವ್ಯತ್ಯಾಸ ತಿಳಿಯಲಿಲ್ಲ. ಸೋಲನ್ನು ಗೆಲುವಿನ ಹತ್ತಿರ ನಿಲ್ಲಿಸುವ ಏರ್ಪಾಡಿದೆ. ಆದ್ದರಿಂದ ಇದು ಕೈಚಳಕದ ಆಟವಲ್ಲ. ಪರವಾನಗಿ ಕೊಡಬಾರದು. ಬೇರೆ ಯಂತ್ರಗಳಿಗೆ ಕೊಡುವುದಾದರೆ ಕೋಣೆಯ ಕಿಟಕಿಗಳು ತೆರೆದಿರಬೇಕು, ಎಲ್ಲರಿಗೂ ಕಾಣುವಂತೆ ನಡೆಯುವ ಗಡಿಯಾರ ಇರಬೇಕು, ಬಹುಮಾನ ಇರಬಾರದು.

‘ಪರೀಕ್ಷಕಿ ಒಂದು ಕಾಸೂ ಕೊಡದೆ ಆಡಿದ್ದಾರೆ. ಆದ್ದರಿಂದ ಕಾಸಿನ ಮಿತಿ ಹಾಕಿದರೆ ಸಾಲದು. ಸತ್ಯ ತಿಳಿದ ಮೇಲೂ ಅವರು ಏಳು ಸಂಜೆ ಹೋಗಿದ್ದಾರೆ. ಈ ಅವಧಿಯಲ್ಲಿ ಮನೆಯಲ್ಲಿ ಮೂವತ್ತಮೂರು ದಿನ ಮದ್ದು ತಪ್ಪಿದೆ.’

ತಹಸೀಲ್ದಾರರು ಓದಿ ಕನ್ನಡಕ ತೆಗೆದರು. “ಕೊನೆಯ ಭಾಗ ಇದರಲ್ಲಿ ಬೇಕಾ, ಅಮ್ಮಾ?”

“ಅದು ಪರೀಕ್ಷೆಯ ಫಲಿತಾಂಶ, ಸರ್.”

ಅವರು ಸಹಿ ಹಾಕಿದರು.

ಈಗ ಮನೆಗೆ ಸಂತೆಬೀದಿಯ ಕಡೆಯಿಂದ ಬರುತ್ತೇನೆ. ಸುತ್ತು ದಾರಿ, ಆದರೆ ಕೆಸರು ಕಡಿಮೆ.

ನವೆಂಬರ್ 10, ಮಂಗಳವಾರ

ಡಾಕ್ಟರು ನಮೂನೆಯ ಐದನೆಯ ಅಂಕಣದ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಬಯ್ಯಲಿಲ್ಲ. ಬಯ್ದಿದ್ದರೆ ಬರೆಯಲು ಸುಲಭವಾಗುತ್ತಿತ್ತು. ಆಪರೇಷನ್ ಬೇಡ, ಮತ್ತೆ ಮದ್ದು ಶುರು ಮಾಡಿ, ತಿಂಗಳು ಬಿಟ್ಟು ಬನ್ನಿ ಎಂದರು. ಉಳಿದಿರುವುದು ಉಳಿಯಬಹುದು. ಹೋದದ್ದು ಹೋಯಿತು.

ಮದ್ದು: ಆರು.

ಹನಿ ಬಿಟ್ಟು ಎಂದಿನಂತೆ ಅಮ್ಮನ ಮಂಚದ ಪಕ್ಕದಲ್ಲಿ ಕೂತೆ. ಐದು ನಿಮಿಷ ಕಳೆದು ಅವಳು ಕಣ್ಣು ತೆರೆದಳು.

“ಎಲ್ಲಿದ್ದೀಯೆ?”

“ಇಲ್ಲೇ ಅಮ್ಮ. ಪಕ್ಕದಲ್ಲಿ.”

“ಪಕ್ಕದಲ್ಲಿ ಬೇಡ. ಎದುರಿಗೆ ಬಾ.”

ಎದ್ದು ಎದುರಿಗೆ ನಿಂತೆ.

“ಬಲಕ್ಕೆ. ಅಷ್ಟು ಬೇಡ. ಹಾ, ಸೆರಗು ಕಾಣ್ತಾ ಇದೆ. ಕೆಳಗೆ ಬಾ. ಇನ್ನೊಂದು ಚೂರು.”

ಮೊಣಕಾಲು ಬಗ್ಗಿಸಿ ಇಳಿದೆ.

“ಅಯ್ಯೋ, ದಾಟಿ ಹೋದೆ. ಸ್ವಲ್ಪ ಮೇಲೆ. ಹಾ. ಅಲ್ಲೇ ಇರು. ಅಲ್ಲಾಡ್ಬೇಡ.”

ಕೂತಂತೆಯೂ ಅಲ್ಲದೆ ನಿಂತಂತೆಯೂ ಅಲ್ಲದೆ ಇದ್ದೆ. ಅಮ್ಮ ನನ್ನ ಮುಖವನ್ನು ನೋಡಿದಳು. ತೊಡೆ ನಡುಗತೊಡಗಿತು. ಸಾಕು ಎಂದು ಅವಳು ಹೇಳುವವರೆಗೆ ಅಲ್ಲಾಡಲಿಲ್ಲ.